ವಾರಕ್ಕೊಂದು ಓದು: ಡೆವಲಪರ್, ಟೆಸ್ಟರ್, ಲೀಡ್ ಮೂವರೂ ಸೇರಿ ಓದಲು ಏನನ್ನು ಆರಿಸಬೇಕು?

ನಡುಸಾಲು (ವಿಷಯ ಆರಂಭಿಸಿದವರು)

ನಮ್ಮ ತಂಡದಲ್ಲಿ ಡೆವಲಪರ್‌ಗಳೂ ಟೆಸ್ಟರ್‌ಗಳೂ ಒಂದೇ ಬ್ಯಾಕ್‌ಲಾಗ್‌ (ಬಾಕಿ ಕೆಲಸಗಳ ಪಟ್ಟಿ) ಹಿಡಿದು ಕೆಲಸ ಮಾಡುತ್ತಾರೆ. ತಂಡವನ್ನು ನಡೆಸುವ ಹೊಣೆ ನನ್ನದು. ವಾರವಾರವೂ ಯಾರಾದರೊಬ್ಬರು ಗುಂಪಿನ ಚಾಟ್‌ನಲ್ಲಿ ಹತ್ತಾರು ಲೇಖನಗಳ ಕೊಂಡಿಗಳನ್ನು ಹಾಕುತ್ತಾರೆ, ಉಳಿದವರು ಹೆಬ್ಬೆರಳಿನ ಚಿಹ್ನೆಯನ್ನು ಒತ್ತುತ್ತಾರೆ, ಓದು ಅಲ್ಲಿಗೆ ಮುಗಿಯುತ್ತದೆ. ಇದರ ಬದಲು ವಾರಕ್ಕೆ ಒಂದೇ ಬರಹವನ್ನು ಆರಿಸಿ, ಎಲ್ಲರೂ ಅದನ್ನು ಪೂರ್ತಿಯಾಗಿ ಓದಿಕೊಂಡು ಬಂದು, ಒಂದು ಗಂಟೆ ಅದರ ಕುರಿತು ಮಾತನಾಡುವ ಪದ್ಧತಿಯನ್ನು ತರಬೇಕೆಂದಿದ್ದೇನೆ.

ಬರಹವು ಒಂದೆರಡು ಗಂಟೆಗಳಲ್ಲಿ ಓದಿ ಮುಗಿಸುವಷ್ಟು ಚಿಕ್ಕದಿರಬೇಕು, ಯಾವುದೋ ಉತ್ಪನ್ನವನ್ನು ಮಾರಲು ಬರೆದದ್ದಾಗಿರಬಾರದು, ಮತ್ತು ಮುಖ್ಯವಾಗಿ, ಕೋಡ್ ಬರೆಯುವವರು, ಪರೀಕ್ಷಿಸುವವರು, ತಂಡ ನಡೆಸುವವರು ಮೂವರಿಗೂ ಅದರಲ್ಲಿ ವಾದಿಸಲು ಏನಾದರೂ ಸಿಗಬೇಕು. ಈ ಕೊನೆಯ ಷರತ್ತೇ ಕಷ್ಟದ್ದು. ವಿನ್ಯಾಸದ ಲೇಖನ ತಂದರೆ ಟೆಸ್ಟರ್‌ಗಳು ಸುಮ್ಮನಿರುತ್ತಾರೆ, ಟೆಸ್ಟ್ ಆಟೊಮೇಶನ್ ಕುರಿತ ಲೇಖನ ತಂದರೆ ಡೆವಲಪರ್‌ಗಳು ಫೋನ್ ನೋಡುತ್ತಾರೆ, ನಾಯಕತ್ವದ ಲೇಖನ ತಂದರೆ ಇಬ್ಬರೂ ನನ್ನ ಮುಖ ನೋಡುತ್ತಾರೆ. ನೀವು ನಿಮ್ಮ ತಂಡಗಳಲ್ಲಿ ಏನನ್ನು ಓದಿಸಿದ್ದೀರಿ, ಏಕೆ, ಎಂಬುದನ್ನು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಬರಿಯ ಹೆಸರುಗಳ ಪಟ್ಟಿ ಬೇಡ.

ಇರುಳು ಆನ್‌ಕಾಲ್

ನಿಮ್ಮ ಮೂರನೆಯ ಷರತ್ತನ್ನು ಪೂರೈಸುವ ಒಂದೇ ಬಗೆಯ ಬರಹ ನನಗೆ ಗೊತ್ತಿರುವುದು: ಅವಘಡಗಳ ತನಿಖಾ ವರದಿ. ಲೇಖಕರ ಅಭಿಪ್ರಾಯವನ್ನು ಒಪ್ಪುವ ಅಥವಾ ಬಿಡುವ ಲೇಖನಗಳಿಗಿಂತ, ನಿಜವಾಗಿ ನಡೆದದ್ದನ್ನು ಹೆಜ್ಜೆಹೆಜ್ಜೆಯಾಗಿ ಹೇಳುವ ವರದಿ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುತ್ತದೆ.

ಮೊದಲ ವಾರಕ್ಕೆ ಏರಿಯಾನ್ 5 ರಾಕೆಟ್ಟಿನ ವರದಿಯನ್ನು ಸೂಚಿಸುತ್ತೇನೆ. 1996ರ ಜೂನ್ 4ರಂದು ಅದರ ಮೊದಲ ಹಾರಾಟ ನಲವತ್ತು ಸೆಕೆಂಡುಗಳೊಳಗೆ ಸ್ಫೋಟದಲ್ಲಿ ಕೊನೆಗೊಂಡಿತು. ತನಿಖಾ ಮಂಡಳಿ ಅದೇ ಜುಲೈನಲ್ಲಿ ವರದಿ ಕೊಟ್ಟಿತು. 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಬದಲಾಯಿಸುವಾಗ ಅದು ಹಿಡಿಸಲಾರದೆ ದೋಷ ಉಂಟಾಯಿತು ಎಂಬಷ್ಟನ್ನು ಎಲ್ಲರೂ ಕೇಳಿರುತ್ತಾರೆ, ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ವರದಿಯನ್ನು ಓದಿದವರಿಗೆ ಅಲ್ಲಿಂದ ಮುಂದಿನದು ಸಿಗುತ್ತದೆ. ರಾಕೆಟ್ಟಿನ ದಿಕ್ಕು ಮತ್ತು ಚಲನೆಯನ್ನು ಅಳೆಯುವ ಘಟಕದಲ್ಲಿ ಆ ಲೆಕ್ಕಾಚಾರ ಮಾಡುತ್ತಿದ್ದ ಕೋಡ್ ಹಿಂದಿನ ರಾಕೆಟ್ ಏರಿಯಾನ್ 4ರಿಂದ ಬಂದದ್ದು, ಮತ್ತು ಏರಿಯಾನ್ 5 ನೆಲ ಬಿಟ್ಟ ಮೇಲೆ ಆ ಲೆಕ್ಕಾಚಾರದ ಅಗತ್ಯವೇ ಇರಲಿಲ್ಲ. ಅಪಾಯವಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಹಾಗೆಯೇ ಬಿಡಲಾಗಿತ್ತು, ಏಕೆಂದರೆ ಆ ಕಂಪ್ಯೂಟರಿನ ಮೇಲಿನ ಹೊರೆ ಶೇಕಡಾ 80ನ್ನು ಮೀರಬಾರದೆಂಬ ಗುರಿಯಿತ್ತು. ಬಿಟ್ಟದ್ದಕ್ಕೆ ಕಾರಣವೇನೆಂಬುದು ಕೋಡಿನಲ್ಲಿ ನೇರವಾಗಿ ಕಾಣುತ್ತಿರಲಿಲ್ಲ. ಬದಲಿ ಘಟಕವೂ ಇತ್ತು, ಆದರೆ ಅದರಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತುಹೋಯಿತು. ಇನ್ನು ಪರೀಕ್ಷೆಯ ವಿಷಯ: ಇಡೀ ವ್ಯವಸ್ಥೆಯನ್ನು ಪರೀಕ್ಷಿಸುವಾಗ ನಿಜವಾದ ಆ ಘಟಕದ ಜಾಗದಲ್ಲಿ ಅದನ್ನು ಅನುಕರಿಸುವ ತಂತ್ರಾಂಶವನ್ನು ಇಟ್ಟಿದ್ದರು, ಹಾಗಾಗಿ ಹೊಸ ರಾಕೆಟ್ಟಿನ ಹಾರಾಟದ ಪಥವನ್ನು ನಿಜವಾದ ಘಟಕ ಮೊದಲ ಬಾರಿಗೆ ಕಂಡದ್ದು ಹಾರಾಟದ ದಿನವೇ.

ಇಲ್ಲಿ ಡೆವಲಪರ್‌ಗೆ ಮರುಬಳಕೆಯ ಪ್ರಶ್ನೆಯಿದೆ, ಟೆಸ್ಟರ್‌ಗೆ ಮಾಕ್‌ಗಳ, ಅಂದರೆ ನಿಜವಾದ ಘಟಕದ ಬದಲು ಇಡುವ ಅನುಕರಣೆಗಳ, ಪ್ರಶ್ನೆಯಿದೆ. ತಂಡದ ಮುಖ್ಯಸ್ಥರಿಗೆ ಇರುವುದು ಇನ್ನೂ ಇರಿಯುವಂಥದ್ದು: ಎಲ್ಲರೂ ಒಪ್ಪಿ ತೆಗೆದುಕೊಂಡ, ಆ ಹೊತ್ತಿಗೆ ಸರಿಯೇ ಆಗಿದ್ದ ಒಂದು ನಿರ್ಧಾರವನ್ನು ಪರಿಸ್ಥಿತಿ ಬದಲಾದಾಗ ಮತ್ತೆ ತೆರೆದು ನೋಡಬೇಕಾದವರು ಯಾರು?

ಥೆರಾಕ್-25 ವಿಕಿರಣ ಚಿಕಿತ್ಸಾ ಯಂತ್ರದ ಕುರಿತು ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಬರೆದ ಪ್ರಬಂಧವನ್ನೂ ಸೇರಿಸಿ. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಆರು ಮಂದಿಗೆ ಮಿತಿಮೀರಿದ ವಿಕಿರಣ ತಗುಲಿದ ಪ್ರಕರಣವದು. ಹಳೆಯ ಯಂತ್ರದಲ್ಲಿ ಅಪಾಯವನ್ನು ತಡೆಯುತ್ತಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದು ಹೊಸದರಲ್ಲಿ ತಂತ್ರಾಂಶದ ಮೇಲೆಯೇ ಭಾರ ಹಾಕಿದ್ದರು. ಅದೇ ಬಗೆಯ ದೋಷ ಹಳೆಯ ಯಂತ್ರದ ತಂತ್ರಾಂಶದಲ್ಲಿಯೂ ಇತ್ತೆಂದು, ಆದರೆ ಆ ತಡೆಗಳಿಂದಾಗಿ ಅದು ಯಾರಿಗೂ ಕಾಣದೆ ಉಳಿದಿತ್ತೆಂದು ಆಮೇಲೆ ತಿಳಿಯಿತು. ಪ್ರಬಂಧ 24 ಪುಟಗಳದ್ದು, ಎರಡು ವಾರಗಳಿಗೆ ಹಂಚುವುದು ಒಳಿತು.

ಹೊಸ ಕಮಿಟ್

ಇವೆಲ್ಲ ಘನವಾದ ವಿಷಯಗಳೇ, ಅಲ್ಲಗಳೆಯುವುದಿಲ್ಲ. ಆದರೆ ನಾವು ಬರೆಯುವುದು ವೆಬ್ ಪುಟಗಳನ್ನು, ಬಿಲ್ಲಿಂಗ್ ಸೇವೆಗಳನ್ನು. ನಮ್ಮ ಕೋಡಿನಿಂದ ಯಾವ ರಾಕೆಟ್ಟೂ ಬೀಳುವುದಿಲ್ಲ. ಮೂವತ್ತು ವರ್ಷ ಹಳೆಯ ವರದಿಯನ್ನು ಓದಿದ ಕಿರಿಯ ಡೆವಲಪರ್ "ಪಾಪ, ಆಗಿನವರು ಹಾಗೆ ಮಾಡುತ್ತಿದ್ದರು" ಎಂದುಕೊಂಡು ಮರೆತುಬಿಡುವ ಸಾಧ್ಯತೆಯೇ ಹೆಚ್ಚು. ವಾರವಾರ ಬರುವ ಕೊಂಡಿಗಳ ಸಂಗ್ರಹಗಳನ್ನು ಹೀಗೆ ಒಂದೇ ಏಟಿಗೆ ತಳ್ಳಿಹಾಕುವುದೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹೊಸ ಉಪಕರಣಗಳು, ಭದ್ರತಾ ಲೋಪಗಳು, ಭಾಷೆಯ ಹೊಸ ಆವೃತ್ತಿಗಳು ನನ್ನಂಥವರಿಗೆ ತಿಳಿಯುವುದು ಅವುಗಳಿಂದಲೇ.

ಇರುಳು ಆನ್‌ಕಾಲ್

ಭದ್ರತಾ ಲೋಪದ ಸುದ್ದಿಗೆ ವಾರದವರೆಗೆ ಕಾಯುವಂತಿಲ್ಲ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ, ಜಾವಾ ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡಿನ ಲೈಬ್ರರಿಯ ಲೋಪ ಬಯಲಾದಾಗ ಅದನ್ನು ಅದೇ ದಿನ ತಿಳಿಯಬೇಕಾಗಿತ್ತು, ವಾರದ ಸಂಗ್ರಹದಲ್ಲಿ ಹನ್ನೆರಡನೆಯ ಕೊಂಡಿಯಾಗಿ ಅಲ್ಲ. ಸುದ್ದಿಯ ವ್ಯವಸ್ಥೆ ಬೇರೆ ಇರಲಿ, ಇಲ್ಲಿ ಕೇಳಿರುವುದು ಕೂಡಿ ಓದುವ ಬರಹದ ಬಗ್ಗೆ.

ರಾಕೆಟ್ ದೂರವೆನಿಸಿದರೆ ನೈಟ್ ಕ್ಯಾಪಿಟಲ್ ಪ್ರಕರಣವನ್ನು ಓದಿ. 2012ರ ಆಗಸ್ಟ್ 1ರಂದು ಆ ಷೇರು ವ್ಯಾಪಾರದ ಕಂಪನಿ ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರ್‌ಗಿಂತ ಹೆಚ್ಚು ಕಳೆದುಕೊಂಡಿತು. ಅಮೆರಿಕದ ಷೇರುಪೇಟೆ ನಿಯಂತ್ರಕರು 2013ರಲ್ಲಿ ಹೊರಡಿಸಿದ ಆದೇಶದಲ್ಲಿ ಕಾರಣಗಳೆಲ್ಲ ದಾಖಲಾಗಿವೆ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಬಹಳ ಹಿಂದೆಯೇ ಬಳಕೆ ನಿಲ್ಲಿಸಿದ್ದ ಒಂದು ಫ್ಲ್ಯಾಗನ್ನು (ಕೋಡಿನ ಒಂದು ಭಾಗವನ್ನು ಚಾಲೂ ಮಾಡುವ ಸ್ವಿಚ್ಚನ್ನು) ಹೊಸ ಕೆಲಸಕ್ಕೆ ಬಳಸಿಕೊಂಡಿದ್ದರು, ಮತ್ತು ಆ ಒಂದು ಸರ್ವರಿನಲ್ಲಿ ಆ ಫ್ಲ್ಯಾಗ್ ಹಳೆಯ, ಸತ್ತ ಕೋಡನ್ನೇ ಎಬ್ಬಿಸಿತು. ಸರ್ವರ್‌ಗಳಿಗೆ ಕೋಡ್ ಹಾಕಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮವಿರಲಿಲ್ಲ. ಪೇಟೆ ತೆರೆಯುವ ಮೊದಲೇ ವ್ಯವಸ್ಥೆಯು 97 ಇಮೇಲ್‌ಗಳನ್ನು ಕಳಿಸಿತ್ತು. ಅವುಗಳನ್ನು ಎಚ್ಚರಿಕೆಯೆಂದು ಯಾರೂ ಪರಿಗಣಿಸಲಿಲ್ಲ. ಸತ್ತ ಕೋಡ್, ಮರುಬಳಸಿದ ಫ್ಲ್ಯಾಗ್, ಯಾರೂ ಓದದ ಅಲರ್ಟ್ ಇಮೇಲ್, ಇವುಗಳಲ್ಲಿ ಯಾವುದು ನಿಮ್ಮ ಬಿಲ್ಲಿಂಗ್ ಸೇವೆಯಲ್ಲಿಲ್ಲ?

ದೋಷಶೋಧಕ

ಇನ್ನೂ ಹತ್ತಿರದ್ದು ಬೇಕೆಂದರೆ 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಅಪ್‌ಡೇಟ್‌ನಿಂದ ವಿಂಡೋಸ್ ಯಂತ್ರಗಳು ಕುಸಿದ ಪ್ರಕರಣವಿದೆ. ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ಕಂಪನಿಯೇ ಪ್ರಕಟಿಸಿದ ಮೂಲಕಾರಣ ವಿಶ್ಲೇಷಣೆ ಟೆಸ್ಟರ್‌ಗಳಿಗಂತೂ ಹೇಳಿ ಬರೆಸಿದಂತಿದೆ. ಒಂದು ಕಡೆ 21 ಇನ್‌ಪುಟ್ ಕ್ಷೇತ್ರಗಳೆಂದು ವ್ಯಾಖ್ಯಾನಿಸಿದ್ದರು, ಅವುಗಳನ್ನು ಒದಗಿಸುವ ಕೋಡ್ ಕೊಡುತ್ತಿದ್ದುದು 20 ಮಾತ್ರ. ಪರೀಕ್ಷೆಗಳಲ್ಲಿಯೂ ಹಿಂದಿನ ಬಿಡುಗಡೆಗಳಲ್ಲಿಯೂ ಇಪ್ಪತ್ತೊಂದನೆಯ ಕ್ಷೇತ್ರಕ್ಕೆ ಏನು ಬಂದರೂ ಸರಿಯೆಂಬ ಮಾದರಿಯನ್ನೇ ಇಟ್ಟಿದ್ದರಿಂದ, ಅದನ್ನು ಓದಲು ಹೋದರೆ ಏನಾಗುತ್ತದೆ ಎಂಬುದು ಅಲ್ಲಿಯವರೆಗೆ ಯಾರಿಗೂ ಕಾಣಲಿಲ್ಲ. ಪರೀಕ್ಷೆಗಳು ಇದ್ದವು, ಉತ್ತೀರ್ಣವೂ ಆಗಿದ್ದವು. ಪರೀಕ್ಷೆಗೆ ಆರಿಸಿದ ಮೌಲ್ಯಗಳು ಯಾವುದನ್ನು ಮರೆಮಾಡುತ್ತಿವೆ ಎಂದು ಕೇಳುವವರು ಬೇಕಿತ್ತು.

ಆದರೆ ಬರಿಯ ಅವಘಡಗಳನ್ನೇ ಓದುತ್ತ ಹೋದರೆ ತಂಡಕ್ಕೆ ಭಯ ಹತ್ತುತ್ತದೆಯೇ ಹೊರತು ಒಟ್ಟು ಚಿತ್ರ ಸಿಗುವುದಿಲ್ಲ. ಆದ್ದರಿಂದ ಒಂದು ಅವಘಡದ ನಂತರ, ಅಂಥ ಹಲವನ್ನು ಒಟ್ಟಿಗೆ ಪರಿಶೀಲಿಸಿದ ಒಂದು ಸಂಶೋಧನಾ ಪ್ರಬಂಧವನ್ನು ಇಡಬೇಕು. ನಾನು ಎಲ್ಲ ತಂಡಗಳಿಗೂ ಓದಿಸುವುದು ಡಿಂಗ್ ಯುವಾನ್ ಮತ್ತು ಸಂಗಡಿಗರು 2014ರಲ್ಲಿ ಮಂಡಿಸಿದ ಪ್ರಬಂಧವನ್ನು. ಕಸ್ಸಾಂಡ್ರ, ಎಚ್‌ಬೇಸ್, ಎಚ್‌ಡಿಎಫ್‌ಎಸ್, ಮ್ಯಾಪ್‌ರೆಡ್ಯೂಸ್, ರೆಡಿಸ್ ಎಂಬ, ಹಲವು ಯಂತ್ರಗಳಿಗೆ ಹಂಚಿ ಕೆಲಸ ಮಾಡುವ ಐದು ದತ್ತಾಂಶ ವ್ಯವಸ್ಥೆಗಳಲ್ಲಿ ಬಳಕೆದಾರರು ವರದಿ ಮಾಡಿದ 198 ವೈಫಲ್ಯಗಳನ್ನು ಅವರು ಒಂದೊಂದಾಗಿ ಬಿಡಿಸಿ ನೋಡಿದರು. ವ್ಯವಸ್ಥೆಯನ್ನೇ ಕೆಡವಿದ ದೊಡ್ಡ ವೈಫಲ್ಯಗಳಲ್ಲಿ ಶೇಕಡಾ 92ರಷ್ಟಕ್ಕೆ ಕಾರಣ, ತಂತ್ರಾಂಶವೇ ಸ್ಪಷ್ಟವಾಗಿ ಸೂಚಿಸಿದ್ದ ಚಿಕ್ಕ ದೋಷವೊಂದನ್ನು ತಪ್ಪಾಗಿ ನಿಭಾಯಿಸಿದ್ದು. ಅವುಗಳಲ್ಲಿ ಎಷ್ಟೋ ಕಡೆ ದೋಷ ಹಿಡಿಯುವ ಬ್ಲಾಕ್ ಖಾಲಿಯಿತ್ತು, ಅಥವಾ ಅದರಲ್ಲಿ "ಮುಂದೆ ಮಾಡಬೇಕು" ಎಂಬ ಟಿಪ್ಪಣಿ ಮಾತ್ರ ಇತ್ತು. ಒಟ್ಟು ವೈಫಲ್ಯಗಳಲ್ಲಿ ಬಹುಪಾಲನ್ನು, ಅಂದರೆ ಶೇಕಡಾ 77ನ್ನು, ಕೋಡಿನ ಚಿಕ್ಕ ಭಾಗವೊಂದನ್ನು ಪರೀಕ್ಷಿಸುವ ಯೂನಿಟ್ ಟೆಸ್ಟ್‌ನಿಂದಲೇ ಮರುಸೃಷ್ಟಿಸಬಹುದಾಗಿತ್ತು ಎಂಬುದನ್ನು ಓದಿದ ಮೇಲೆ, ಹಂಚಿಕೆಯ ವ್ಯವಸ್ಥೆಗಳ ದೋಷಗಳು ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾದ ಬಳಕೆಯಲ್ಲಿ, ಮಾತ್ರ ಕಾಣುತ್ತವೆ ಎಂಬ ನೆಪ ನಿಲ್ಲುವುದಿಲ್ಲ.

ಎರಡನೆಯದು ಫ್ಲೇಕಿ ಟೆಸ್ಟ್‌ಗಳ, ಅಂದರೆ ಕೋಡ್ ಬದಲಾಗದಿದ್ದರೂ ಒಮ್ಮೆ ಉತ್ತೀರ್ಣವಾಗಿ ಇನ್ನೊಮ್ಮೆ ಸೋಲುವ ಟೆಸ್ಟ್‌ಗಳ ಕುರಿತು, ಅದೇ 2014ರದು. ಮುಕ್ತ ತಂತ್ರಾಂಶದ ಸಂಸ್ಥೆಯಾದ ಅಪಾಚೆಯ 51 ಯೋಜನೆಗಳಲ್ಲಿ ಇಂಥ ಟೆಸ್ಟ್‌ಗಳನ್ನು ಸರಿಪಡಿಸಿದ 201 ಕಮಿಟ್‌ಗಳನ್ನು (ದಾಖಲಾದ ಕೋಡ್ ಬದಲಾವಣೆಗಳನ್ನು) ಲುವೊ ಮತ್ತು ಇತರರು ಪರಿಶೀಲಿಸಿದರು. ವರ್ಗೀಕರಿಸಲಾದವುಗಳಲ್ಲಿ ಶೇಕಡಾ 45ರಷ್ಟಕ್ಕೆ ಕಾರಣ, ಅಸಿಂಕ್ರೊನಸ್ ಕರೆಯ (ಉತ್ತರ ತಡವಾಗಿ ಬರುವ ಕರೆಯ) ಫಲಿತಾಂಶಕ್ಕಾಗಿ ಸರಿಯಾಗಿ ಕಾಯದಿರುವುದು. ನಂತರದ ಸ್ಥಾನ ಕನ್ಕರೆನ್ಸಿಗೆ (ಹಲವು ಕೆಲಸಗಳು ಒಂದೇ ಹೊತ್ತಿಗೆ ಓಡುವುದಕ್ಕೆ), ಆಮೇಲಿನದು ಟೆಸ್ಟ್‌ಗಳು ಓಡುವ ಕ್ರಮದ ಮೇಲಿನ ಅವಲಂಬನೆಗೆ. ಗೂಗಲ್ 2016ರಲ್ಲಿ ತನ್ನಲ್ಲಿನ ಸುಮಾರು ಶೇಕಡಾ 16ರಷ್ಟು ಟೆಸ್ಟ್‌ಗಳಲ್ಲಿ ಸ್ವಲ್ಪವಾದರೂ ಈ ದೋಷವಿದೆಯೆಂದು ತಾನೇ ಬರೆದುಕೊಂಡಿತು. ಇದನ್ನು ಓದಿದ ವಾರ ನಮ್ಮಲ್ಲಿ ನಡೆದ ಮಾತು "ಈ ಟೆಸ್ಟ್ ಯಾವಾಗಲೂ ಹೀಗೇ, ಮತ್ತೆ ಓಡಿಸಿ" ಎಂಬ ರೂಢಿಯ ಸುತ್ತಲೇ ತಿರುಗಿತು. ಮತ್ತೆ ಓಡಿಸುವುದಕ್ಕೆ ಮೊದಲು ಕಾಯುವ ಕೋಡನ್ನು ನೋಡಬೇಕೆಂದು ಒಪ್ಪಿಸಲು ನಾನು ಎಷ್ಟೋ ಕಾಲದಿಂದ ಹೇಳುತ್ತಿದ್ದುದಕ್ಕಿಂತ ಆ ಶೇಕಡಾವಾರು ಹೆಚ್ಚು ಕೆಲಸ ಮಾಡಿತು.

ಇನ್ನು ಕವರೇಜ್, ಅಂದರೆ ಟೆಸ್ಟ್‌ಗಳು ಕೋಡಿನ ಎಷ್ಟು ಭಾಗವನ್ನು ಓಡಿಸುತ್ತವೆ ಎಂಬ ಅಳತೆ. ಮುಖ್ಯಸ್ಥರು ಶೇಕಡಾ 80 ಕವರೇಜ್ ಬೇಕೆಂದು ಆಜ್ಞೆ ಹೊರಡಿಸುವ ತಂಡಗಳಿಗೆ ಇನೊಜೆಮ್ತ್ಸೆವಾ ಮತ್ತು ಹೋಮ್ಸ್ ಅವರ 2014ರ ಪ್ರಬಂಧ. ಐದು ದೊಡ್ಡ ಜಾವಾ ಪ್ರೋಗ್ರಾಮ್‌ಗಳಿಗೆ 31,000 ಟೆಸ್ಟ್ ಸಮೂಹಗಳನ್ನು ರೂಪಿಸಿ ನೋಡಿದಾಗ, ಸಮೂಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಕವರೇಜಿಗೂ ದೋಷ ಹಿಡಿಯುವ ಶಕ್ತಿಗೂ ಇರುವ ಸಂಬಂಧ ಕಡಿಮೆಯಿಂದ ಮಧ್ಯಮ ಮಟ್ಟದ್ದಷ್ಟೇ ಎಂದು ಕಂಡಿತು. ಪರೀಕ್ಷಿಸದೆ ಉಳಿದ ಭಾಗವನ್ನು ತೋರಿಸಲು ಕವರೇಜ್ ಒಳ್ಳೆಯದು, ಗುರಿಯಾಗಿಸಲು ಅಲ್ಲ ಎಂಬ ಅವರ ನಿಲುವನ್ನು ನಾನು ಒಪ್ಪುತ್ತೇನೆ. ಒಪ್ಪದವರು ನಿಮ್ಮ ತಂಡದಲ್ಲಿದ್ದರೆ ಆ ಗಂಟೆ ಇನ್ನೂ ಚೆನ್ನಾಗಿ ಕಳೆಯುತ್ತದೆ.

ಹಳೇ ಮೇನ್‌ಫ್ರೇಮ್

ಹಳೆಯದೆಂಬ ಕಾರಣಕ್ಕೆ ಬಿಡುವುದಾದರೆ ಬಿಡಿ, ಆದರೆ ಓದದೆಯೇ ಅದರ ಹೆಸರು ಹೇಳಿಕೊಂಡು ಓಡಾಡುವುದನ್ನೂ ಬಿಡಬೇಕಾಗುತ್ತದೆ. ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು "ವಾಟರ್‌ಫಾಲ್ ಪದ್ಧತಿಯ ಮೂಲ" ಎಂದು ಎಷ್ಟು ಕಡೆ ಓದಿಲ್ಲ! ಆ ಪ್ರಬಂಧದಲ್ಲಿ ಆ ಪದವೇ ಇಲ್ಲ. ಒಂದರ ಕೆಳಗೊಂದು ಹಂತಗಳ ಚಿತ್ರವಿದೆ ನಿಜ, ಆದರೆ ಅದನ್ನು ಬರೆದ ಕೂಡಲೇ, ಪರೀಕ್ಷೆಯ ಹಂತ ಕೊನೆಯಲ್ಲಿ ಬರುವುದರಿಂದ ಈ ಕ್ರಮ ಅಪಾಯಕಾರಿ, ಸೋಲನ್ನು ಆಹ್ವಾನಿಸುವಂಥದ್ದು ಎಂದು ರಾಯ್ಸ್ ಅವರೇ ಹೇಳುತ್ತಾರೆ, ಮತ್ತು ಮುಂದಿನ ಪುಟಗಳನ್ನೆಲ್ಲ ಅದನ್ನು ತಿದ್ದುವುದಕ್ಕೇ ಬಳಸುತ್ತಾರೆ. ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದಾದ ಒಂದು ಪ್ರಬಂಧವನ್ನು ಇಡೀ ಉದ್ಯಮ ಅದರ ಎರಡನೆಯ ಚಿತ್ರ ನೋಡಿ ಮುಚ್ಚಿಟ್ಟಿತು. ಸಾರಾಂಶಗಳ ಮೇಲೆ ಬದುಕುವವರಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ.

ಡೇವಿಡ್ ಪಾರ್ನಾಸ್ 1972ರಲ್ಲಿ ಮಾಡ್ಯೂಲ್‌ಗಳ ವಿಭಜನೆಯ ಕುರಿತು ಬರೆದದ್ದು ಆರೇ ಪುಟ. ಪದಸೂಚಿ ತಯಾರಿಸುವ ಒಂದೇ ಚಿಕ್ಕ ಪ್ರೋಗ್ರಾಮನ್ನು ಎರಡು ರೀತಿಯಲ್ಲಿ ಒಡೆದು ತೋರಿಸುತ್ತಾರೆ: ಮೊದಲನೆಯದು ಕೆಲಸದ ಹಂತಗಳಿಗೆ ತಕ್ಕಂತೆ, ಎರಡನೆಯದು ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲಿನೊಳಗೆ ಅಡಗಿಸಿ. ಒಂದು ವ್ಯವಸ್ಥೆಯನ್ನು ಮೈಕ್ರೋಸರ್ವಿಸ್‌ಗಳಾಗಿ (ಚಿಕ್ಕ ಸ್ವತಂತ್ರ ಸೇವೆಗಳಾಗಿ) ಹೇಗೆ ಒಡೆಯಬೇಕೆಂದು ಇಂದು ನಡೆಯುವ ಜಗಳದ ಅರ್ಧಭಾಗ ಆ ಆರು ಪುಟಗಳಲ್ಲಿ ಆಗಲೇ ತೀರ್ಮಾನವಾಗಿದೆ. ಇದರ ಜೊತೆಗೆ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದದ್ದನ್ನು ಇಡಿ. ಸಂಸ್ಥೆಯೊಳಗಿನ ಸಂವಹನದ ರಚನೆಯೇ ಅದು ಕಟ್ಟುವ ವ್ಯವಸ್ಥೆಯ ರಚನೆಯಲ್ಲಿ ಪಡಿಮೂಡುತ್ತದೆ ಎಂಬ ಮಾತು ಅಲ್ಲಿನದು. ಟೆಸ್ಟರ್‌ಗಳನ್ನು ಬೇರೆ ವಿಭಾಗದಲ್ಲಿ ಕೂರಿಸಿದ ಸಂಸ್ಥೆಯಲ್ಲಿ ಕೋಡನ್ನು ಪರೀಕ್ಷಿಸಲು ಅನುಕೂಲವಾದ ಜಾಗಗಳೇ ಏಕೆ ಇರುವುದಿಲ್ಲ ಎಂಬ ಪ್ರಶ್ನೆಯನ್ನು ಇದರ ಪಕ್ಕದಲ್ಲಿಟ್ಟು ಕೇಳಿ ನೋಡಿ, ಸುಮ್ಮನಿರುವ ಟೆಸ್ಟರ್‌ಗಳು ಮಾತನಾಡುತ್ತಾರೆ.

ಫ್ರೆಡ್ ಬ್ರೂಕ್ಸ್ ಅವರ 1975ರ ಪುಸ್ತಕ "ದ ಮಿಥಿಕಲ್ ಮ್ಯಾನ್-ಮಂತ್"ನ ಎರಡನೆಯ ಅಧ್ಯಾಯವೊಂದೇ ಸಾಕು. ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಎಲ್ಲರ ಬಾಯಲ್ಲಿದೆ. ಅದೇ ಅಧ್ಯಾಯದಲ್ಲಿ ಅವರು ಕೊಡುವ ವೇಳಾಪಟ್ಟಿಯ ಲೆಕ್ಕ ಯಾರಿಗೂ ನೆನಪಿಲ್ಲ: ಮೂರನೆಯ ಒಂದು ಭಾಗ ಯೋಜನೆಗೆ, ಆರನೆಯ ಒಂದು ಭಾಗ ಕೋಡಿಂಗ್‌ಗೆ, ಕಾಲು ಭಾಗ ಘಟಕಗಳ ಪರೀಕ್ಷೆ ಮತ್ತು ಆರಂಭಿಕ ಜೋಡಣೆಯ ಪರೀಕ್ಷೆಗೆ, ಇನ್ನೊಂದು ಕಾಲು ಭಾಗ ಇಡೀ ವ್ಯವಸ್ಥೆಯ ಪರೀಕ್ಷೆಗೆ. ಅರ್ಧ ಕಾಲ ಪರೀಕ್ಷೆಗೆ ಹೋಗುತ್ತದೆಂದು ಬರೆದು ಐವತ್ತು ವರ್ಷಗಳಾದವು.

ಹೊಸ ಕಮಿಟ್

ರಾಯ್ಸ್ ಅವರ ಸಂಗತಿ ನನಗೆ ಗೊತ್ತಿರಲಿಲ್ಲ, ಧನ್ಯವಾದಗಳು. ಹಾಗಾದರೆ ಇನ್ನೊಂದು ಕೇಳುತ್ತೇನೆ. ಪರೀಕ್ಷೆಯ ಬಗ್ಗೆ ಬರುವ ಲೇಖನಗಳಲ್ಲೆಲ್ಲ, ವಿನ್ಯಾಸದ ಹಂತದಲ್ಲಿ ಸರಿಪಡಿಸಲು ಒಂದು ರೂಪಾಯಿ ತಗಲುವ ದೋಷಕ್ಕೆ ಬಿಡುಗಡೆಯ ನಂತರ ನೂರು ರೂಪಾಯಿ ತಗಲುತ್ತದೆ ಎಂಬ ಮಾತಿರುತ್ತದೆ, ಏರುವ ಕಂಬಗಳ ಚಿತ್ರವೂ ಇರುತ್ತದೆ. ಇದರ ಮೂಲ ಯಾವುದು?

ದೋಷಶೋಧಕ

ಆ ಚಿತ್ರದ ಕೆಳಗೆ ಸಾಮಾನ್ಯವಾಗಿ ಐಬಿಎಂನ ಒಂದು "ಸಂಸ್ಥೆ"ಯ ಹೆಸರಿರುತ್ತದೆ. ಲಾರೆಂಟ್ ಬೊಸ್ಸಾವಿ ಅದರ ಬೆನ್ನು ಹತ್ತಿ ಹೋದಾಗ ಅದು ಕಂಪನಿಯೊಳಗಿನ ತರಬೇತಿ ಕಾರ್ಯಕ್ರಮವಾಗಿತ್ತೆಂದೂ, ಅಂಕಿಗಳ ಹಿಂದೆ ನೋಡಬಹುದಾದ ಸಂಶೋಧನೆ ಸಿಗುವುದಿಲ್ಲವೆಂದೂ ಕಂಡುಬಂತು. ತಂತ್ರಾಂಶ ಯೋಜನೆಗಳ ಖರ್ಚಿನ ಸಂಶೋಧಕ ಬ್ಯಾರಿ ಬೋಮ್ ಅವರ ಅಂಕಿಗಳು ಬೇರೆ, ಅವುಗಳಿಗೆ ನಿಜವಾದ ಯೋಜನೆಗಳ ಆಧಾರವಿದೆ. ಆದರೆ ಅವರೇ ವಿಕ್ಟರ್ ಬಸಿಲಿ ಅವರೊಡನೆ 2001ರಲ್ಲಿ ಬರೆದ ಪುಟ್ಟ ಲೇಖನದಲ್ಲಿ, ನೂರು ಪಟ್ಟು ಎಂಬುದು ದೊಡ್ಡ ವ್ಯವಸ್ಥೆಗಳ ಮಾತು, ಚಿಕ್ಕ ಮತ್ತು ಅಷ್ಟು ನಿರ್ಣಾಯಕವಲ್ಲದ ವ್ಯವಸ್ಥೆಗಳಲ್ಲಿ ಅದು ಐದು ಪಟ್ಟಿನಷ್ಟು ಎಂದು ಹೇಳಿದ್ದಾರೆ. ದೋಷವನ್ನು ಬೇಗ ಹಿಡಿಯಬೇಕೆಂಬ ಮಾತು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಮುಖ್ಯಸ್ಥರ ಮುಂದೆ ಆ ನೂರರ ಚಿತ್ರವನ್ನು ಹಿಡಿದು ಹಣ ಕೇಳುವ ಟೆಸ್ಟರ್‌, ಒಂದು ದಿನ ಯಾರಾದರೂ ಮೂಲ ಕೇಳಿದಾಗ ಉತ್ತರವಿಲ್ಲದೆ ನಿಲ್ಲಬೇಕಾಗುತ್ತದೆ.

ಎರಡು ತಂಡ

ಮೂರನೆಯ ಕವಲಾದ ನಾಯಕತ್ವದ ಬಗ್ಗೆ ಯಾರೂ ಹೇಳದ ಕಾರಣ ನಾನು ಸೇರಿಸುತ್ತೇನೆ. ಈ ಕ್ಷೇತ್ರದ ವಾರದ ಬರಹಗಳಲ್ಲಿ ಬಹುಪಾಲು ಉಪದೇಶಗಳು: ಹೀಗೆ ಕೇಳಿಸಿಕೊಳ್ಳಿ, ಹಾಗೆ ಪ್ರೋತ್ಸಾಹಿಸಿ. ಓದುವಾಗ ಎಲ್ಲವೂ ಸರಿಯೆನಿಸುತ್ತದೆ, ಸೋಮವಾರ ಬೆಳಿಗ್ಗೆ ಏನೂ ಬದಲಾಗುವುದಿಲ್ಲ. ಆದ್ದರಿಂದ ಆಧಾರವಿರುವ ಬರಹಗಳನ್ನೇ ಆರಿಸಬೇಕೆಂದು ನನ್ನ ಸಲಹೆ.

ಏಮಿ ಎಡ್ಮಂಡ್‌ಸನ್ ಅವರ 1996ರ ಅಧ್ಯಯನ ಆಸ್ಪತ್ರೆಯ ವಾರ್ಡುಗಳ ಶುಶ್ರೂಷಾ ತಂಡಗಳ ಕುರಿತಾದದ್ದು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವ ತಪ್ಪುಗಳು ಕಡಿಮೆಯಿರುತ್ತವೆಂದು ಅವರು ನಿರೀಕ್ಷಿಸಿದ್ದರು, ಅಂಕಿಗಳು ತದ್ವಿರುದ್ಧವಾಗಿ ಬಂದವು. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಹೆಚ್ಚು ನಡೆಯುತ್ತಿರಲಿಲ್ಲ, ಹೆಚ್ಚು ಹೊರಬರುತ್ತಿದ್ದವು. ಹೇಳಿಕೊಂಡರೆ ಶಿಕ್ಷೆಯಿಲ್ಲವೆಂಬ ಭರವಸೆ ಅಲ್ಲಿತ್ತು. ತಂಡದ ಮಾನಸಿಕ ಸುರಕ್ಷತೆಯ ಕುರಿತ ಅವರ 1999ರ ಪ್ರಬಂಧಕ್ಕೆ ದಾರಿಯಾದದ್ದು ಇದೇ. ಬಗ್‌ಗಳ ಸಂಖ್ಯೆಯನ್ನು ತಂಡದ ಗುಣಮಟ್ಟದ ಅಳತೆಯಾಗಿ ತಿಂಗಳ ಸಭೆಯಲ್ಲಿ ತೋರಿಸುವವರೆಲ್ಲ ಇದನ್ನು ಓದಬೇಕು. ಕಡಿಮೆ ಬಗ್ ದಾಖಲಾದ ತಂಡದಲ್ಲಿ ಬಗ್ ಕಡಿಮೆಯಿದೆಯೋ, ದಾಖಲಿಸುವ ಧೈರ್ಯ ಕಡಿಮೆಯಿದೆಯೋ?

ಇದಕ್ಕೆ ಜೊತೆಯಾಗಿ ಮೈಕಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಬಗ್ಗೆ ಬರೆದದ್ದು. ಇಂದಿನ ಕೋಡ್ ರಿವ್ಯೂ ಅದಕ್ಕಿಂತ ಹಗುರವಾಗಿದೆ, ಆ ವಿಧಾನವನ್ನು ಹಾಗೆಯೇ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಿ. ಅಲ್ಲಿ ತಪಾಸಣೆಗೆ ಕೂರುವ ನಾಲ್ವರಲ್ಲಿ ಟೆಸ್ಟರ್ ಒಬ್ಬರು. ಮತ್ತು ತಪಾಸಣೆಯಲ್ಲಿ ಸಿಕ್ಕ ದೋಷಗಳನ್ನು ಪ್ರೋಗ್ರಾಮರ್‌ನ ಕೆಲಸದ ಮೌಲ್ಯಮಾಪನಕ್ಕೆ ಯಾವ ಕಾರಣಕ್ಕೂ ಬಳಸಬಾರದೆಂದು ಫೇಗನ್ ಖಡಾಖಂಡಿತವಾಗಿ ಬರೆದಿದ್ದಾರೆ. ಇಪ್ಪತ್ತು ವರ್ಷಗಳ ನಂತರ ಎಡ್ಮಂಡ್‌ಸನ್ ಅವರಿಗೆ ವಾರ್ಡುಗಳಲ್ಲಿ ಕಂಡದ್ದು ಇದರ ಕಾರಣವೇ.

ನಡುಸಾಲು ಅವರೇ, ನಿಮಗೆ ಒಂದು ಮಾತು: ಆ ಗಂಟೆಯಲ್ಲಿ ನೀವು ಕೊನೆಗೆ ಮಾತನಾಡಿ. ಮುಖ್ಯಸ್ಥರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದ ಸಮಯವೆಲ್ಲ ಅದರ ಸಮರ್ಥನೆಯಾಗಿ ಮುಗಿಯುತ್ತದೆ.

ಹೊಸ ಕಮಿಟ್

ಒಂದು ವಿಷಯ ಬಿಟ್ಟುಹೋಗಿದೆ. ಈಗ ನಮ್ಮ ಕೋಡಿನಲ್ಲಿ ಒಂದು ದೊಡ್ಡ ಭಾಗವನ್ನು ಎಐ ಸಹಾಯಕಗಳೇ ಬರೆಯುತ್ತಿವೆ. ಈ ಬಗ್ಗೆ ವಾರವಾರವೂ ನೂರಾರು ಲೇಖನಗಳು ಬರುತ್ತವೆ, ಮುಂದಿನ ವಾರಕ್ಕೆ ಅವು ಹಳತಾಗುತ್ತವೆ. ಇದಕ್ಕೆ ಏನನ್ನು ಓದಬೇಕು?

ಹಳೇ ಮೇನ್‌ಫ್ರೇಮ್

ನೀವು ನಗಬಹುದು, ಪೀಟರ್ ನೌರ್ ಅವರ 1985ರ ಪ್ರಬಂಧ. ಅವರ ವಾದದಂತೆ ಪ್ರೋಗ್ರಾಮಿಂಗ್ ಎಂದರೆ ಕೋಡ್ ಬರೆಯುವುದಕ್ಕಿಂತ ಮುಖ್ಯವಾಗಿ, ಆ ಕೋಡ್ ಏಕೆ ಹೀಗಿದೆ, ಜಗತ್ತಿನ ಯಾವ ಸಂಗತಿಗೆ ಅದರ ಯಾವ ಭಾಗ ಹೊಂದುತ್ತದೆ, ಹೊಸ ಬೇಡಿಕೆ ಬಂದರೆ ಅದನ್ನು ಎಲ್ಲಿ ಸೇರಿಸಬೇಕು ಎಂಬ ತಿಳಿವಳಿಕೆಯನ್ನು ತಲೆಯಲ್ಲಿ ಕಟ್ಟಿಕೊಳ್ಳುವುದು. ಅವರು ಕೊಡುವ ಉದಾಹರಣೆಯಲ್ಲಿ ಒಂದು ಗುಂಪು ಕಟ್ಟಿದ ಕಂಪೈಲರನ್ನು ಇನ್ನೊಂದು ಗುಂಪು ವಿಸ್ತರಿಸಲು ಹೊರಡುತ್ತದೆ. ಎರಡನೆಯ ಗುಂಪಿನ ಕೈಯಲ್ಲಿ ಪೂರ್ತಿ ಕೋಡ್, ವಿವರವಾದ ದಾಖಲೆಗಳು, ಮೊದಲ ಗುಂಪಿನ ಸಲಹೆ ಎಲ್ಲವೂ ಇರುತ್ತವೆ. ಹಾಗಿದ್ದೂ ಅವರು ಸೂಚಿಸುವ ಬದಲಾವಣೆಗಳು ಮೂಲ ರಚನೆಯ ಅನುಕೂಲಗಳನ್ನು ಬಳಸಿಕೊಳ್ಳದೆ ಅದನ್ನು ಕೆಡಿಸುವಂತಿರುತ್ತವೆ. ಬರೆದವರ ತಲೆಯಲ್ಲಿದ್ದದ್ದು ಕಾಗದಕ್ಕೆ ಪೂರ್ತಿ ಇಳಿದಿರುವುದಿಲ್ಲ.

ಇನ್ನು ಯಾರ ತಲೆಯಲ್ಲಿಯೂ ಮೊದಲಿನಿಂದಲೇ ಕಟ್ಟಿಕೊಳ್ಳದ ಕೋಡ್ ನಿಮ್ಮ ರೆಪೊಸಿಟರಿಗೆ (ತಂಡದ ಕೋಡ್ ಸಂಗ್ರಹಕ್ಕೆ) ಬಂದು ಸೇರಿದಾಗ, ಆ ತಿಳಿವಳಿಕೆಯನ್ನು ಕಟ್ಟುವ ಕೆಲಸ ಯಾರದು, ರಿವ್ಯೂ ಮಾಡುವವರದೋ, ಪರೀಕ್ಷೆ ಬರೆಯುವವರದೋ? ಇದನ್ನು ಒಂದು ಗಂಟೆಯಲ್ಲಿ ಮುಗಿಸಲು ನಿಮ್ಮಿಂದ ಸಾಧ್ಯವಾದರೆ ನನಗೂ ತಿಳಿಸಿ.

ದೋಷಶೋಧಕ

ನೌರ್ ಅವರನ್ನು ಓದಿಸಬಹುದು, ಆದರೆ ಮೊದಲ ತಿಂಗಳಲ್ಲಿ ಬೇಡ. ಅದು ತತ್ತ್ವಶಾಸ್ತ್ರದ ಕಡೆಗೆ ವಾಲುವ ಬರಹ. ಇನ್ನೂ ಒಟ್ಟಿಗೆ ಓದುವ ಅಭ್ಯಾಸವಿಲ್ಲದ ತಂಡ ಅಲ್ಲಿಯೇ ಚದುರಿಹೋಗುವುದನ್ನು ಕಂಡಿದ್ದೇನೆ.

ನಡುಸಾಲು

ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಓದದೆ ಬರುವವರನ್ನು ಏನು ಮಾಡಬೇಕು? ಮತ್ತು ಚರ್ಚೆಯನ್ನು ಯಾರು ನಡೆಸಬೇಕು? ಎರಡು ತಂಡ ಅವರ ಸಲಹೆಯಂತೆ ನಾನು ಕೊನೆಗೆ ಮಾತನಾಡುವುದಾದರೆ ಆರಂಭಿಸುವವರು ಬೇರೆಯವರಾಗಬೇಕು.

ಇರುಳು ಆನ್‌ಕಾಲ್

ಓದದೆ ಬರುವವರಿಗಾಗಿ ಸಭೆಯ ಮೊದಲ ಇಪ್ಪತ್ತು ನಿಮಿಷಗಳನ್ನು ಮೌನವಾಗಿ ಓದುವುದಕ್ಕೇ ಬಿಡಿ; ಓದಿ ಬಂದವರು ಮತ್ತೊಮ್ಮೆ ನೋಡಲಿ. ನಡೆಸುವವರು ಪ್ರತಿವಾರ ಬದಲಾಗಲಿ, ಮತ್ತು ಅವರು ಸಾರಾಂಶ ಹೇಳುವುದು ಬೇಡ. ಸಾರಾಂಶ ಕೇಳಿದವರು ಮುಂದಿನ ವಾರದಿಂದ ಓದುವುದೇ ಇಲ್ಲ. ಅವರು ತರಬೇಕಾದದ್ದು ನಮ್ಮದೇ ರೆಪೊಸಿಟರಿಯ ಒಂದು ಜಾಗ, ಓದಿದ ವಿಷಯ ಅನ್ವಯಿಸುವಂಥದ್ದು.

ಯುವಾನ್ ಅವರ ಪ್ರಬಂಧದ ವಾರಕ್ಕೆ ಇದು ಬಹಳ ಸುಲಭ. ಖಾಲಿ ಕ್ಯಾಚ್ ಬ್ಲಾಕ್‌ಗಳನ್ನು ಹುಡುಕಿ ತೆರೆಯ ಮೇಲೆ ಹಾಕಿದರೆ ಸಾಕು. ಅವರೇ ಇಂಥವನ್ನು ಹಿಡಿಯುವ ಚಿಕ್ಕ ಉಪಕರಣವೊಂದನ್ನು ಬರೆದು ಒಂಬತ್ತು ವ್ಯವಸ್ಥೆಗಳ ಮೇಲೆ ಓಡಿಸಿದಾಗ, ಅಲ್ಲಿನ ಡೆವಲಪರ್‌ಗಳು ಒಪ್ಪಿದ ಅಥವಾ ಸರಿಪಡಿಸಿದ 143 ದೋಷಗಳು ಮತ್ತು ಕೆಟ್ಟ ರೂಢಿಗಳು ಸಿಕ್ಕಿದ್ದವು. ನೈಟ್ ಕ್ಯಾಪಿಟಲ್ ವಾರಕ್ಕೆ ನಿಮ್ಮ ಫ್ಲ್ಯಾಗ್‌ಗಳ ಪಟ್ಟಿ ತೆಗೆದು, ಯಾವುದನ್ನು ಯಾರೂ ಬಳಸುತ್ತಿಲ್ಲವೆಂದು ಕೇಳಿ.

ಎರಡು ತಂಡ

ಒಂದು ಎಚ್ಚರಿಕೆ. ಖಾಲಿ ಬ್ಲಾಕನ್ನು ತೆರೆಯ ಮೇಲೆ ಹಾಕುವಾಗ ಅದನ್ನು ಬರೆದವರ ಹೆಸರು ಕಾಣದಂತೆ ನೋಡಿಕೊಳ್ಳಿ. ಫೇಗನ್ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ನಡುಸಾಲು

ಹಾಗಿದ್ದರೆ ಆರಂಭ ಹೀಗಿರಲಿ. ಮೊದಲ ವಾರ ನೈಟ್ ಕ್ಯಾಪಿಟಲ್ ಆದೇಶ, ಏಕೆಂದರೆ ಅದನ್ನು ನಮ್ಮಿಂದ ದೂರವೆಂದು ಯಾರೂ ತಳ್ಳಿಹಾಕಲಾರರು. ಎರಡನೆಯ ವಾರ ಯುವಾನ್ ಅವರ ಪ್ರಬಂಧ. ಮೂರನೆಯದಕ್ಕೆ ರಾಯ್ಸ್, ನಾಲ್ಕನೆಯದಕ್ಕೆ ಎಡ್ಮಂಡ್‌ಸನ್. ಏರಿಯಾನ್ ವರದಿಯನ್ನು ಐದನೆಯ ವಾರಕ್ಕೆ ಇಟ್ಟಿದ್ದೇನೆ. ಆ ಹೊತ್ತಿಗೆ ನಮ್ಮ ಹಳೆಯ ಪಾವತಿ ಮಾಡ್ಯೂಲನ್ನು ಹೊಸ ಸೇವೆಗೆ ಎತ್ತಿಕೊಳ್ಳುವ ಕೆಲಸ ಶುರುವಾಗುತ್ತದೆ, ಅದರಲ್ಲಿ ಯಾರೂ ಕಾರಣ ಬರೆದಿಡದ ಮಿತಿಗಳು ಸಾಕಷ್ಟಿವೆ. ಫ್ಲೇಕಿ ಟೆಸ್ಟ್‌ಗಳ ಪ್ರಬಂಧವನ್ನು ಎಲ್ಲಿ ಸೇರಿಸಬೇಕೆಂದು ತೋಚಲಿಲ್ಲ.

ದೋಷಶೋಧಕ

ಅದಕ್ಕೆ ವಾರ ಗೊತ್ತುಮಾಡಬೇಡಿ. ಬಿಡುಗಡೆಯ ಹಿಂದಿನ ದಿನ ಟೆಸ್ಟ್ ಸೋತು ಬಿಲ್ಡ್ ಕೆಂಪಾಗಿ, ಮತ್ತೆ ಓಡಿಸಿದಾಗ ಯಾವ ಬದಲಾವಣೆಯೂ ಇಲ್ಲದೆ ಹಸಿರಾದ ವಾರವೇ ಅದರ ವಾರ. ಉಳಿದದ್ದನ್ನು ಒಂದು ವಾರ ಮುಂದಕ್ಕೆ ತಳ್ಳಿ.

ಹೊಸ ಕಮಿಟ್

ನಮ್ಮಲ್ಲಿ ಹಾಗಾದರೆ ಈ ವಾರವೇ ಓದಬೇಕು.